ಕೇಕಿನ ಮಸಾಲೆಯನ್ನು ಹುರಿಯಬೇಡಿ

ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ ಕೇಕು ಮಾಡುವ ಮನೆಗಳಲ್ಲಿ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಗಳು ರಮ್ಮಿನಲ್ಲೋ ದ್ರಾಕ್ಷಿ ರಸದಲ್ಲೋ ನೆನೆಯುತ್ತಿರುತ್ತವೆ. ಹಣ್ಣಿಗಾಗಿ ವಾರಗಟ್ಟಲೆ ಕಾಯುವವರೂ ಮಸಾಲೆಯ ವಿಷಯ ಬಂದಾಗ ಅಂಗಡಿಯ ಪೊಟ್ಟಣ ಒಡೆದು ಸುರಿದುಬಿಡುತ್ತಾರೆ. ಆ ಪುಡಿ ಎಂದು ಪುಡಿಯಾಯಿತೋ, ಎಷ್ಟು ಕಾಲ ಗೋದಾಮಿನಲ್ಲಿ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಮನೆಯಲ್ಲೇ ಪುಡಿ ಮಾಡುವವರಾದರೋ, ಸಾರಿನ ಪುಡಿಯ ರೂಢಿಯಂತೆ, ಮೊದಲು ಬಾಣಲೆಯನ್ನು ಒಲೆಗೇರಿಸುತ್ತಾರೆ. ಈ ವಾರ ನನ್ನ ತಕರಾರು ಆ ಬಾಣಲೆಯ ಮೇಲೆ.

ಕೊತ್ತಂಬರಿ, ಮೆಂತ್ಯ, ಬೇಳೆಗಳನ್ನು ಹುರಿಯದಿದ್ದರೆ ಹಸಿವಾಸನೆ ಹೋಗದು, ನಿಜ. ಚಕ್ಕೆ, ಲವಂಗ, ಜಾಯಿಕಾಯಿಗಳಿಗೆ ಆ ಹಸಿವಾಸನೆಯೇ ಇಲ್ಲ. ಅವುಗಳ ಜೀವವೆಲ್ಲ ಬೇಗ ಹಾರಿಹೋಗುವ ಎಣ್ಣೆಯಲ್ಲಿದೆ. ಹುರಿಯುವಾಗ ಅಡುಗೆಮನೆ ಘಮಘಮಿಸುತ್ತದಲ್ಲ, ಆ ಘಮ ಕೇಕಿಗೆ ಸೇರಬೇಕಾಗಿದ್ದದ್ದು. ಮೇಲಾಗಿ ನಮ್ಮ ಕರಾವಳಿಯ ಪ್ಲಮ್ ಕೇಕಿಗೆ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯ ಪಾಕದಿಂದ. ಅದರಲ್ಲೇ ಹಿತವಾದ ಕಹಿಯೊಂದಿದೆ. ಹುರಿದ ಮಸಾಲೆಯ ಕಹಿಯೂ ಅದರ ಜೊತೆಗೂಡಿದರೆ ಕೇಕು ಬಿರಿಯಾನಿಯ ಕಡೆಗೆ ವಾಲುತ್ತದೆ. ಮಸಾಲೆ ಒಣಗಬೇಕು, ಅಷ್ಟೇ. ಒಂದೆರಡು ಗಂಟೆಯ ಬಿಸಿಲು ಸಾಕು. ಮೋಡವಿದ್ದರೆ ಒಲೆ ಆರಿಸಿದ ಮೇಲೆ ಉಗುರುಬೆಚ್ಚಗಿರುವ ತವಾದ ಮೇಲೆ ಹರಡಿ.

ಇನ್ನು ಆಯ್ಕೆ. ದಿನಸಿ ಅಂಗಡಿಯಲ್ಲಿ ಚಕ್ಕೆ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಕೇಸಿಯಾ: ದಪ್ಪ, ಗಟ್ಟಿ, ಖಾರ. ಪಲಾವಿಗೆ ಅದು ಒಳ್ಳೆಯದು. ಕೇಕಿಗೆ ಸಿಲೋನ್ ದಾಲ್ಚಿನ್ನಿ ಹುಡುಕಿ ತನ್ನಿ. ತೆಳು ಪದರಗಳು ಒಂದರೊಳಗೊಂದು ಸುರುಳಿ ಸುತ್ತಿಕೊಂಡಿರುತ್ತವೆ, ಬೆರಳಲ್ಲೇ ಮುರಿಯುತ್ತವೆ. ಬೆಲೆ ಹೆಚ್ಚು, ಆದರೆ ಆ ಸಿಹಿಯಾದ, ನವಿರಾದ ಪರಿಮಳ ಕೇಸಿಯಾದಿಂದ ಬಾರದು. ಏಲಕ್ಕಿ ನಮ್ಮದೇ ಮಲೆನಾಡಿನದೋ ಕೊಡಗಿನದೋ ಇರಲಿ. ಸಿಪ್ಪೆ ಬಿಡಿಸಿದಾಗ ಬೀಜ ಕಪ್ಪಗೆ, ಕೊಂಚ ಅಂಟಂಟಾಗಿದ್ದರೆ ಅದು ಹೊಸ ಮಾಲು.

ಜಾಯಿಕಾಯಿಯ ಬಗ್ಗೆ ನನಗೆ ವಿಶೇಷ ಮಮತೆ. ದಕ್ಷಿಣ ಕನ್ನಡ, ಉತ್ತರ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಬೆಳೆಯುವ ಈ ಮರದ ಕಾಯಿ ಬಿರಿದಾಗ, ಬೀಜವನ್ನು ಕೆಂಪು ಬಲೆಯಂತೆ ಅಪ್ಪಿಕೊಂಡಿರುವುದೇ ಜಾಪತ್ರೆ. ಒಂದೇ ಹಣ್ಣಿನೊಳಗಿನ ಎರಡು ಸಾಂಬಾರ ಪದಾರ್ಥಗಳವು: ಜಾಯಿಕಾಯಿ ಗಾಢ, ಬೆಚ್ಚಗೆ, ಜಾಪತ್ರೆ ಹಗುರ, ಹೂವಿಗೆ ಹತ್ತಿರ. ಕೇಕಿಗೆ ಎರಡೂ ಬೇಕು. ಜಾಯಿಕಾಯಿಯನ್ನು ಮಿಕ್ಸಿಗೆ ಹಾಕಬೇಡಿ, ಎಣ್ಣೆ ಬಿಟ್ಟು ಜಾರಿಗೆ ಮೆತ್ತಿಕೊಳ್ಳುತ್ತದೆ. ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದು ಕೊನೆಗೆ ಬೆರೆಸಿ.

ನನ್ನ ಅಳತೆ ಹೀಗೆ: ದಾಲ್ಚಿನ್ನಿ 20 ಗ್ರಾಂ, ಒಣಶುಂಠಿ 8, ಏಲಕ್ಕಿ ಬೀಜ 3, ಜಾಪತ್ರೆ 2, ಲವಂಗ 2, ಮತ್ತು ಒಂದು ಜಾಯಿಕಾಯಿ. ಲವಂಗದ ಪಾಲು ಕಡಿಮೆಯಾಯಿತು ಎನ್ನಿಸಬಹುದು. ಅದರ ಯೂಜೆನಾಲ್ ಸ್ವಲ್ಪ ಮೀರಿದರೂ ನಾಲಗೆ ಜೋಮು ಹಿಡಿದು, ಕೇಕು ಹಲ್ಲುನೋವಿನ ಔಷಧಿಯನ್ನು ನೆನಪಿಸುತ್ತದೆ. ಇಷ್ಟವಿದ್ದವರು ಏಳೆಂಟು ಕಾಳುಮೆಣಸು ಸೇರಿಸಿಕೊಳ್ಳಬಹುದು. ಯುರೋಪಿನ ಚಳಿಗಾಲದ ಬಿಸ್ಕತ್ತುಗಳಲ್ಲಿ ಮೆಣಸು ಹಳೆಯ ನೆಂಟ. ಒಂದು ಚಮಚ ಸಕ್ಕರೆಯೊಂದಿಗೆ ಪುಡಿ ಮಾಡಿದರೆ ಏಲಕ್ಕಿ ನುಣ್ಣಗಾಗುತ್ತದೆ, ಹೊರಬಂದ ಎಣ್ಣೆಯನ್ನೂ ಸಕ್ಕರೆ ಹಿಡಿದುಕೊಳ್ಳುತ್ತದೆ. ಶುಂಠಿಯ ನಾರು ಉಳಿಯದಂತೆ ಜರಡಿ ಹಿಡಿಯಲೇಬೇಕು.

ಈ ಕೇಕಿಗೂ ನಮ್ಮ ಕರಾವಳಿಗೂ ಹಳೆಯ ನಂಟು. ಮಂಗಳೂರಿನಿಂದ ತೆಂಕಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲಿ ಕ್ರಿಸ್ಮಸ್ ಕೇಕು ಮಾಡಿದ ಕಥೆ ಪ್ರಸಿದ್ಧ. ಮಾಡಿಕೊಡಿ ಎಂದು ಕೇಳಿದವರು ಮರ್ಡಾಕ್ ಬ್ರೌನ್, ಅಂಜರಕಂಡಿಯ ದಾಲ್ಚಿನ್ನಿ ತೋಟದ ಮಾಲೀಕರು. ಚಕ್ಕೆಯ ತೋಟದವರೇ ಕೇಕು ಕೇಳಿದ್ದು ನನಗೆ ಬಹಳ ಹಿಡಿಸಿದ ವಿವರ.

ಪುಡಿಯನ್ನು ಮೈದಾಕ್ಕೆ ಬೆರೆಸುವುದು ವಾಡಿಕೆ. ನಾನು ಬೆಣ್ಣೆ, ಸಕ್ಕರೆ ಕಡೆಯುವಾಗಲೇ ಹಾಕುತ್ತೇನೆ. ಪರಿಮಳದ ಎಣ್ಣೆ ಬೆಣ್ಣೆಯಲ್ಲಿ ಕರಗಿ ಇಡೀ ಹಿಟ್ಟಿಗೆ ಸಮನಾಗಿ ಹರಡುತ್ತದೆ. ಕಾಲು ಕಿಲೋ ಮೈದಾದ ಕೇಕಿಗೆ ಎರಡು ಟೀ ಚಮಚ ಸಾಕು. ಬೇಯಿಸಿದ ದಿನವೇ ರುಚಿ ನೋಡಿ ತೀರ್ಪು ಕೊಡಬೇಡಿ. ಮೂರ್ನಾಲ್ಕು ದಿನ ಸುತ್ತಿಟ್ಟರೆ ಲವಂಗದ ಮೊನೆ ಇಳಿದು ಜಾಪತ್ರೆ ಮೇಲೆ ಬರುತ್ತದೆ.

ಮಿಕ್ಕ ಪುಡಿಯನ್ನು ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿ, ಒಲೆಯಿಂದ ದೂರ, ಕತ್ತಲೆಯ ಕಪಾಟಿನಲ್ಲಿಡಿ. ಸಂಕ್ರಾಂತಿಯೊಳಗೆ ಮುಗಿಸಿ: ಬಾಳೆಹಣ್ಣಿನ ಕೇಕಿಗೆ, ಬೆಲ್ಲದ ಬಿಸ್ಕತ್ತಿಗೆ, ಚಳಿಯ ಬೆಳಗಿನ ಕಷಾಯಕ್ಕೆ ಚಿಟಿಕೆ ಚಿಟಿಕೆಯಾಗಿ.