ಗೆದ್ದ ಮೇಲೆ ಊಟಕ್ಕೇನು?

'ಚಕ್ ದೇ! ಇಂಡಿಯಾ' 2007ರಲ್ಲಿ ತೆರೆಗೆ ಬಂದ ಚಿತ್ರ. ಈಗಲೂ ಟೀವಿಯಲ್ಲಿ ಬಂದರೆ ಹೆರೆಯುತ್ತಿದ್ದ ತೆಂಗಿನಕಾಯಿಯನ್ನು ಪಕ್ಕಕ್ಕಿಟ್ಟು ಕೂರುವವರು ನಮ್ಮಲ್ಲಿ ಕಡಿಮೆಯಿಲ್ಲ. ಶಿಮಿತ್ ಅಮೀನ್ ನಿರ್ದೇಶಿಸಿದ, ಜೈದೀಪ್ ಸಾಹ್ನಿ ಬರೆದ ಈ ಚಿತ್ರವನ್ನು ನಾನೂ ಮೆಚ್ಚಿದವಳೇ. ಬೇರೆ ಬೇರೆ ರಾಜ್ಯಗಳ ಹದಿನಾರು ಹುಡುಗಿಯರು ಜಗಳವಾಡುತ್ತಲೇ ಒಂದು ಹಾಕಿ ತಂಡವಾಗುವ ಕಥೆಯದು. ಶಾರೂಖ್ ಖಾನ್ ಇದ್ದೂ ಪ್ರೇಮಗೀತೆ ಇಲ್ಲ ಎನ್ನುವುದೇ ದೊಡ್ಡ ಸಂಗತಿ.

ಆದರೆ ಒಂದು ಪ್ರಶ್ನೆಯನ್ನು ಚಿತ್ರ ಜಾಣತನದಿಂದ ದಾಟಿಬಿಡುತ್ತದೆ. ಈ ಹುಡುಗಿಯರ ಹೊಟ್ಟೆಪಾಡೇನು?

ಪ್ರೀತಿಯನ್ನು ಮದುವೆಯಾಗಬೇಕಾದವನು ಕ್ರಿಕೆಟ್ ತಂಡದ ಉಪನಾಯಕ. ಅವಳ ಹಾಕಿ ಅವನಿಗೆ ಲೆಕ್ಕಕ್ಕಿಲ್ಲ. ಗೆದ್ದು ಬಂದ ಮೇಲೆ ಅವಳು ಅವನನ್ನು ಬೇಡವೆನ್ನುತ್ತಾಳೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅವನ ಆಟಕ್ಕೆ ಅಷ್ಟು ತೂಕ ಬಂದದ್ದು ಅದು ತರುವ ದುಡ್ಡಿನಿಂದ ಎಂಬುದನ್ನು ಚಿತ್ರ ಹೇಳುವುದಿಲ್ಲ. ಹಾಗೆಯೇ ವಿದ್ಯಾಳ ಗಂಡನ ಮನೆಯವರಿಗೆ ಹಾಕಿ ಬೇಡ, ಸೊಸೆ ಬೇಕು. ಅವಳ ಕೈಗೆ ತಿಂಗಳಿಗೊಮ್ಮೆ ಸಂಬಳ ಬರುವಂತಿದ್ದರೆ ಅವರ ದನಿ ಅಷ್ಟು ಏರುತ್ತಿತ್ತೇ? ನೌಕರಿಗೆ ಹೋಗುವ ಸೊಸೆಯಂದಿರಿಗೆ ಇದರ ಉತ್ತರ ಗೊತ್ತು. ತಾತ್ಸಾರಕ್ಕೆ ಚಿತ್ರ ಸ್ವಾಭಿಮಾನದ ಉತ್ತರ ಕೊಡುತ್ತದೆ. ಅದು ಅರ್ಧ ಉತ್ತರ ಮಾತ್ರ.

ಉಳಿದರ್ಧವನ್ನು ಚಿತ್ರದ ಹೊರಗೆ ಹುಡುಕಬೇಕು. ಬಹುಕಾಲ ಎಷ್ಟೋ ಆಟಗಾರ್ತಿಯರಿಗೆ ಆಸರೆಯಾದದ್ದು ರೈಲ್ವೆಯ ನೌಕರಿ. ಹಾಕಿ ಇಂಡಿಯಾ ಲೀಗ್‌ನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಪಂದ್ಯಾವಳಿ ಶುರುವಾದದ್ದು 2025ರ ಜನವರಿಯಲ್ಲಿ. ಅದಕ್ಕಾಗಿ 2024ರ ಅಕ್ಟೋಬರಿನಲ್ಲಿ ನಡೆದ ಹರಾಜಿನಲ್ಲಿ ಉದಿತಾಗೆ 32 ಲಕ್ಷ ರೂಪಾಯಿ ಸಿಕ್ಕಿತು. ಮಹಿಳೆಯರಲ್ಲಿ ಅದೇ ಅತಿ ಹೆಚ್ಚು. ಗಂಡಸರಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ ಸಿಕ್ಕಿದ್ದು 78 ಲಕ್ಷ. ಗಂಡಸರದು ಎಂಟು ತಂಡ, ಹೆಂಗಸರದು ನಾಲ್ಕೇ. ಅದರಲ್ಲೂ ವಿದೇಶೀಯರ ಪಾಲುಂಟು. ರಾಂಚಿಯಲ್ಲಿ ಎರಡು ವಾರದಲ್ಲಿ ಆಟ ಮುಗಿಯಿತು. ಇದು ಒಳ್ಳೆಯ ಆರಂಭವೇ. ಆದರೆ ವರ್ಷಕ್ಕೆ ಐವತ್ತೆರಡು ವಾರಗಳಿವೆ.

ಚೆನ್ನಾಗಿ ಓಡುವ ಹುಡುಗಿಯ ತಾಯಿ ಶಾಲೆಗೆ ಬಂದು, "ಟೀಚರ್, ಆಟ ಅನ್ನ ಹಾಕ್ತದಾ?" ಎಂದು ಕೇಳುತ್ತಾಳೆ. ಅವಳನ್ನು ಹಳೆಯ ಕಾಲದವಳೆಂದು ತಳ್ಳಿಹಾಕುವುದು ಸುಲಭ. ಅವಳು ಕೇಳುತ್ತಿರುವುದು ಲೆಕ್ಕ. ಮಂಡಿಗೆ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು, ಮೂವತ್ತು ದಾಟಿದ ಮೇಲೆ ಮಗಳು ಏನು ಮಾಡಬೇಕು? ಆ ತಾಯಿಗೆ 'ಚಕ್ ದೇ' ತೋರಿಸಿದರೆ ಅವಳೂ ಕಣ್ಣೊರೆಸಿಕೊಂಡಾಳು. ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡಲಾರಳು.

ಕೊನೆಯಲ್ಲಿ ಹುಡುಗಿಯರು ಗೆದ್ದು ತಮ್ಮ ತಮ್ಮ ಮನೆಗೆ ಮರಳುತ್ತಾರೆ, ಪರದೆ ಬೀಳುತ್ತದೆ. ಮುಂದಿನ ತಿಂಗಳ ದಿನಸಿ ಚೀಟಿಯಿಂದ ಶುರುವಾಗುವ ಚಿತ್ರವೊಂದನ್ನು ಯಾರಾದರೂ ತೆಗೆಯಲಿ. ಅದನ್ನು ನೋಡಲು ಆ ತಾಯಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ.