ತಾರಸಿಯ ಸಾವಯವ ತೋಟ: ಕುಂಡದೊಳಗಿನ ಲೆಕ್ಕ

ಬೆಂಗಳೂರಿನ ತಾರಸಿ ತೋಟಗಳಿಗೆ ಚಳವಳಿಯ ರೂಪ ಬಂದದ್ದರಲ್ಲಿ ಕೃಷಿ ವಿಜ್ಞಾನಿ ಬಿ.ಎನ್. ವಿಶ್ವನಾಥ್ ಅವರ ತರಬೇತಿಗಳ ಪಾಲು ದೊಡ್ಡದು. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳ ಮನೆಯಲ್ಲಿ ತರಕಾರಿ ಬೆಳೆಯುವವರನ್ನೂ ಬೀಜ, ಗೊಬ್ಬರ, ಕುಂಡ ಮಾರುವವರನ್ನೂ ಒಂದೆಡೆ ಸೇರಿಸಿತು. ಈಗ ನಗರದ ನರ್ಸರಿಗಳಲ್ಲಿ ಗ್ರೋ ಬ್ಯಾಗ್, ಕೊಕೊಪಿಟ್ ಇಟ್ಟಿಗೆ, ಎರೆಗೊಬ್ಬರದ ಚೀಲ, ಬೇವಿನೆಣ್ಣೆಯ ಬಾಟಲಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಇವನ್ನೆಲ್ಲ ಕೊಂಡು ತಂದು, ಯೂರಿಯಾ ಮತ್ತು ಕೀಟನಾಶಕದಿಂದ ದೂರವಿದ್ದರೆ ತೋಟ ಸಾವಯವವಾಯಿತೆಂದು ಹೊಸಬರು ನಂಬುತ್ತಾರೆ. ಈ ಪದ್ಧತಿಯ ಕೊರತೆ ಇಲ್ಲಿಂದಲೇ ಶುರು. ಸಾವಯವ ಬೇಸಾಯದ ಮುಖ್ಯ ಕೆಲಸ ಮಣ್ಣನ್ನು ಕಟ್ಟುವುದು. ಆ ದೃಷ್ಟಿಯಿಂದ ನೋಡಿದರೆ ಎಷ್ಟೋ ತಾರಸಿ ತೋಟಗಳು ಅಂಗಡಿಯ ಚೀಲವನ್ನೇ ನಂಬಿ ಬದುಕಿವೆ.

ಬರೀ ಮಣ್ಣು ತುಂಬುವುದಕ್ಕೆ ತಾರಸಿಯಲ್ಲಿ ಅವಕಾಶವಿಲ್ಲ. ಒಂದಡಿ ಆಳದ ಒದ್ದೆ ಮಣ್ಣಿನ ಮಡಿ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನದಂಡದ ಪ್ರಕಾರ ಎಂಜಿನಿಯರುಗಳು ಹಿಡಿಯುವ ಹೊರೆ ಚದರ ಮೀಟರಿಗೆ 150 ಕಿಲೋದಷ್ಟು ಮಾತ್ರ. ಕೊಕೊಪಿಟ್ ಬಳಕೆಗೆ ಬಂದದ್ದು ಈ ಕಾರಣಕ್ಕೆ. ತೆಂಗಿನಕಾಯಿಯ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಈ ಪುಡಿ ಹಗುರ, ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಆದರೆ ಗಿಡಕ್ಕೆ ಉಣ್ಣಲು ಅದರಲ್ಲಿ ಹೆಚ್ಚೇನೂ ಇಲ್ಲ. ಸರಿಯಾಗಿ ತೊಳೆಯದಿದ್ದರೆ ಉಪ್ಪು ಉಳಿದು ಎಳೆ ಸಸಿಗಳ ಎಲೆಯಂಚು ಸುಡುತ್ತದೆ. ಕೆಮ್ಮಣ್ಣು, ಕೊಕೊಪಿಟ್, ಗೊಬ್ಬರ ಸಮಪಾಲು ಎಂಬ ರೂಢಿಯ ಮಿಶ್ರಣದಲ್ಲಿ ಮೊದಲ ಬೆಳೆ ಚೆನ್ನಾಗಿಯೇ ಬರುತ್ತದೆ. ಎರಡನೆಯ ಬೆಳೆಗೆ ಎಲೆ ಹಳದಿಯಾಗುತ್ತದೆ. ತಪ್ಪು ಬೀಜದ ತಲೆಗೆ ಬರುತ್ತದೆ; ನಿಜವಾಗಿ ನಡೆದಿರುವುದು ಇಷ್ಟೇ: ಎರೆಗೊಬ್ಬರದಲ್ಲಿದ್ದ ಶೇ 1–2ರಷ್ಟು ಸಾರಜನಕದಲ್ಲಿ ಗಿಡ ತಿಂದು ಉಳಿದದ್ದು ದಿನವೂ ಹಾಕಿದ ನೀರಿನ ಜೊತೆ ಕುಂಡದ ತೂತಿನಿಂದ ಇಳಿದುಹೋಗಿದೆ.

ಈ ಸೋರಿಕೆಯನ್ನು ಅಡುಗೆಮನೆಯ ಕಸದಿಂದ ತುಂಬಿಕೊಂಡಾಗ ತಾರಸಿ ತೋಟಕ್ಕೆ ನಿಜವಾದ ಬೆಲೆ ಬರುತ್ತದೆ. 2012ರಲ್ಲಿ, ನಗರದ ಕಸ ಬಂದು ಬೀಳುತ್ತಿದ್ದ ಮಂಡೂರಿನ ಜನ ಅದರ ವಿರುದ್ಧ ತಿರುಗಿಬಿದ್ದಾಗ ಬೆಂಗಳೂರಿಗೆ ತನ್ನ ಹಸಿ ಕಸ ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಾಯಿತು. ಅದಕ್ಕೂ ಮುಂಚೆ, 2006ರಿಂದಲೇ, ಡೈಲಿ ಡಂಪ್ ಸಂಸ್ಥೆ ಒಂದರ ಮೇಲೊಂದು ಇಡುವ ಮಣ್ಣಿನ ಮಡಕೆಗಳ ‘ಕಂಬ’ವನ್ನು ಮನೆಗಳಿಗೆ ಮುಟ್ಟಿಸುತ್ತಿತ್ತು. ಸಾಧನ ಯಾವುದಾದರೂ ತತ್ವ ಒಂದೇ. ತರಕಾರಿ ಸಿಪ್ಪೆಯಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ತರಗೆಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 30 ಪಾಲು ಇದ್ದರೆ ಕೊಳೆತ ನಾತ ಬರುವುದಿಲ್ಲ. ಪ್ರತಿ ಸಲ ಸಿಪ್ಪೆ ಹಾಕಿದ ಮೇಲೆ ಅದು ಮುಚ್ಚುವಷ್ಟು ಒಣ ಎಲೆ ಉದುರಿಸಿದರೆ ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಸಿದ್ಧ. ಹುಳ ಬಿತ್ತೆಂದು ಕಂಬ ಎತ್ತಿಟ್ಟವರು ಬಹುಪಾಲು ತರಗೆಲೆಯಲ್ಲಿ ಜಿಪುಣತನ ಮಾಡಿದವರು. ಬೀದಿಯ ಹೊಂಗೆ ಎಲೆಯನ್ನು ಗುಡಿಸಿ ಸುಡುವ ಊರಿನಲ್ಲಿ ತರಗೆಲೆಗೆ ಬರ ಬರಬೇಕಾಗಿಲ್ಲ.

ಸಗಣಿ, ಗಂಜಲ ಕಲಸಿ ಮಾಡುವ ಜೀವಾಮೃತದ ಬಗ್ಗೆಯೂ ಉತ್ಸಾಹ ಅತಿಯಾಗಿದೆ. ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಪ್ರಚಾರ ಮಾಡಿದ ಅಳತೆ ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ತಾರಸಿಗೆ ಇದನ್ನು 10 ಲೀಟರಿಗೆ ಇಳಿಸಿದರೆ ಅರ್ಧ ಕಿಲೋ ಸಗಣಿ, ನೂರು ಗ್ರಾಂ ಬೆಲ್ಲ ಸಾಕು. ಇದು ಮಣ್ಣಿನ ಜೀವಾಣುಗಳಿಗೆ ಕೊಡುವ ಹೆಪ್ಪು. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರು ಕಾಯುವಂತೆ, ಗೊಬ್ಬರವಿಲ್ಲದ ಕೊಕೊಪಿಟ್‌ಗೆ ವಾರವಾರ ಜೀವಾಮೃತ ಸುರಿಯುವವರಿದ್ದಾರೆ. ಟೊಮೆಟೊ ಕಾಯಿಯ ಬುಡ ಕಪ್ಪಾದರೆ ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುವ ಸಲಹೆಯೂ ಇದೇ ಜಾತಿಯದು. ಆ ತೊಂದರೆ ಕಾಯಿಗೆ ಸುಣ್ಣದಂಶ ತಲುಪದೆ ಬರುವಂಥದ್ದು, ಆದರೆ ಸಾಮಾನ್ಯ ಕಾರಣ ಒಂದು ದಿನ ಒಣಗಿಸಿ ಮರುದಿನ ತುಂಬಿಸುವ ನೀರಿನ ಏರುಪೇರು. ಚಿಪ್ಪು ಕರಗುವ ಹೊತ್ತಿಗೆ ಬೆಳೆಯೇ ಮುಗಿದಿರುತ್ತದೆ.

ಬೆಳೆಯ ಆಯ್ಕೆಯಲ್ಲಿ ಸೊಪ್ಪಿಗೆ ಸಾಟಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಯ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ 48 ಕಿಲೋ ಬೇಕು. ಕುಂಡಗಳಿಂದ ಅಷ್ಟನ್ನು ನಿರೀಕ್ಷಿಸುವುದು ಆಗದ ಮಾತು. ಆದರೆ ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟನ್ನು ಮತ್ತೆ ಮತ್ತೆ ಕೊಯ್ಯಬಹುದು. ಬಸಳೆ, ಚಕ್ರಮುನಿ, ಒಂದೆಲಗ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸಿಗುತ್ತವೆ. ಇವೆಲ್ಲ ಅರ್ಧ ದಿನದ ಬಿಸಿಲಿಗೂ ಒಗ್ಗುತ್ತವೆ. ಪೇಟೆಯಲ್ಲಿ ಬೇಗ ಬಾಡುವ, ಎಂಥ ನೀರಿನಲ್ಲಿ ಬೆಳೆದದ್ದೆಂಬ ಅನುಮಾನ ಕಾಡುವ ತರಕಾರಿಯೂ ಸೊಪ್ಪೇ. ಟೊಮೆಟೊ, ಹೂಕೋಸು ಎಂದು ಶುರು ಮಾಡುವ ಹೊಸಬರು ಕಷ್ಟದ ತುದಿಯಿಂದ ಹತ್ತಲು ಹೊರಟವರು.

ಬಳ್ಳಿ ತರಕಾರಿಯಲ್ಲಿ ಇನ್ನೊಂದು ತೊಡಕಿದೆ. ಹೀರೆಯ ಹೆಣ್ಣು ಹೂವಿನ ಕೆಳಗೆ ಬೆರಳುದ್ದದ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಎತ್ತರದ ತಾರಸಿಗೆ ಜೇನು, ಪತಂಗ ಬಾರದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ, ಮನೆಯವರು ರೋಗವೆಂದು ಔಷಧಿ ಹುಡುಕುತ್ತಾರೆ. ಹೀರೆ ಹೂ ಅರಳುವುದು ಸಂಜೆ. ಆಗ ಗಂಡು ಹೂವಿನ ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಒರೆಸಿದರೆ ಕಾಯಿ ನಿಲ್ಲುತ್ತದೆ. ಕುಂಬಳಕ್ಕೆ ಇದೇ ಕೆಲಸ ಬೆಳಗಿನ ಜಾವ.

ಕೀಟಕ್ಕೆ ಬೇವಿನೆಣ್ಣೆ ಒಳ್ಳೆಯ ಮದ್ದು, ಆದರೆ ನಿಧಾನದ್ದು. ಅದು ಹುಳವನ್ನು ಸ್ಥಳದಲ್ಲೇ ಕೊಲ್ಲುವುದಕ್ಕಿಂತ ತಿನ್ನದಂತೆ, ಬೆಳೆಯದಂತೆ ತಡೆಯುತ್ತದೆ. ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಲೀಟರಿಗೆ 5 ಮಿಲಿಯಂತೆ ಸೋಪಿನ ನೀರಿನಲ್ಲಿ ಕಲಸಿ ಸಂಜೆ, ಎಲೆಯ ಕೆಳಮೈಗೆ ಹೊಡೆಯಬೇಕು. ಹಿಟ್ಟು ತಿಗಣೆ ಬಿಟ್ಟೂಬಿಡದೆ ಮರಳುತ್ತಿದ್ದರೆ ಇರುವೆ ಸಾಲನ್ನು ಹುಡುಕಬೇಕು. ತಿಗಣೆಯ ಸಿಹಿದ್ರವಕ್ಕಾಗಿ ಇರುವೆಗಳೇ ಅವನ್ನು ಕಾಯುತ್ತವೆ.

ಬೀಜದ ವಿಷಯದಲ್ಲಿ ನಗರ ಮಲೆನಾಡಿನಿಂದ ಕಲಿಯುವುದು ಬಹಳ ಇದೆ. ಶಿರಸಿಯ ‘ವನಸ್ತ್ರೀ’ ಬಳಗದ ಹೆಂಗಸರು ಹಿತ್ತಲಿನ ಬೀಜವನ್ನು ತೆಗೆದಿಟ್ಟು, ಹಂಚಿಕೊಂಡು ಉಳಿಸಿದ್ದಾರೆ. ತಾರಸಿಯಲ್ಲಾದರೋ ಪ್ರತಿ ಬೆಳೆಗೂ ಹೊಸ ಪೊಟ್ಟಣ ಬರುತ್ತದೆ. ಪೊಟ್ಟಣದ ಮೇಲೆ ಎಫ್1 (ಸಂಕರ ತಳಿ) ಎಂದಿದ್ದರೆ ಅದರ ಬೀಜದಿಂದ ಮುಂದಿನ ಬೆಳೆ ಅದೇ ಗುಣದಲ್ಲಿ ಬರುವುದಿಲ್ಲ. ಹಾಗೆಂದು ಸಂಶೋಧನಾ ತಳಿಗಳನ್ನೆಲ್ಲ ದೂರವಿಡಬೇಕಾಗಿಲ್ಲ. ನಾಟಿ ಅವರೆ ಹೂ ಬಿಡಲು ಚಳಿಗಾಲದ ಗಿಡ್ಡ ಹಗಲು ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಅವರೆ ಬಹುಪಾಲು ತನ್ನ ಹೂವಿನಲ್ಲೇ ಪರಾಗ ಕೂಡಿಸಿಕೊಳ್ಳುವ ಬೆಳೆಯಾದ್ದರಿಂದ ಒಂದೆರಡು ಗಿಡದ ಕಾಯಿಯನ್ನು ಒಣಗಲು ಬಿಟ್ಟರೆ ಮರುವರ್ಷದ ಬೀಜ ಮನೆಯಲ್ಲೇ ಆಗುತ್ತದೆ. ಹೀರೆ, ಕುಂಬಳಗಳಲ್ಲಿ ಪಕ್ಕದ ತಾರಸಿಯ ಪರಾಗವೂ ಸೇರಿಕೊಳ್ಳುವುದರಿಂದ ಬೀಜಕ್ಕೆಂದು ಬಿಡುವ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಬಟ್ಟೆ ಕಟ್ಟಬೇಕು.