ಬಾಕ್ಸ್ ದಣಿಯುವ ಹೊತ್ತಿಗೆ

ಅಂಗಡಿಯಲ್ಲಿ ಕೆಟ್ಟದಾಗಿ ಕೇಳಿಸುವ ಸ್ಪೀಕರ್ ಇಲ್ಲವೆಂದೇ ಹೇಳಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಮಳಿಗೆಗೆ ಹೋದರೂ ಅಷ್ಟೇ. ಮೂರು ಕಡೆ ಗೋಡೆ, ಕೈಗೆಟಕುವ ದೂರದಲ್ಲಿ ಬಾಕ್ಸು, ಮಾರುವವರೇ ಆರಿಸಿಟ್ಟ ಹಾಡು, ಎರಡು ನಿಮಿಷದ ಅಬ್ಬರ. ಗೋಡೆ ಮೂಲೆಗಳು ಬೇಸನ್ನು ಪುಕ್ಕಟೆಯಾಗಿ ಏರಿಸಿಕೊಡುತ್ತವೆ. ಎದೆಗೆ ಗುದ್ದಿದಂತಾಗುತ್ತದೆ, ಮುಂಗಡ ಕೊಟ್ಟು ಬರುತ್ತೇವೆ. ಅದೇ ಬಾಕ್ಸು ಬಯಲಿನ ಶಾಮಿಯಾನದ ಕೆಳಗೆ, ಕುಣಿತ ಏರಿದ ಮೂರನೆಯ ಗಂಟೆಯಲ್ಲಿ ಹೇಗಿರುತ್ತದೆ ಎಂಬುದು ಬೇರೆಯೇ ವಿಷಯ. ಹಳದಿ, ಮೆಹಂದಿ, ಆರತಕ್ಷತೆಗಳಿಗೆ ಎರಡು ಟಾಪ್, ಒಂದೆರಡು ಸಬ್ ಓಮ್ನಿಯಲ್ಲಿ ಹೇರಿಕೊಂಡು ಊರೂರು ಸುತ್ತುವ ಡಿಜೆಗಳಿಗೆ ಈ ವಾರದ ಅಂಕಣ. ಆಂಪ್ಲಿಫೈಯರ್ ಒಳಗೇ ಇರುವ ಬಾಕ್ಸನ್ನು ಅದು ಆರಾಮವಾಗಿ ಹಾಡುವಾಗ ಪರೀಕ್ಷಿಸಿ ಪ್ರಯೋಜನವಿಲ್ಲ. ಅದರ ಮಿತಿ ಹತ್ತಿರವಾದಾಗ ಪರೀಕ್ಷಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ವ್ಯಾಟಿನ ಲೆಕ್ಕ ಮುಗಿಸೋಣ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 2000 ವ್ಯಾಟ್ ಎಂದಿದ್ದರೆ ಅದು ಬಹುಪಾಲು ಪೀಕ್, ಅಂದರೆ ರೆಪ್ಪೆ ಮಿಟುಕಿಸುವಷ್ಟು ಹೊತ್ತಿನ ಶಕ್ತಿ. ಎಡೆಬಿಡದೆ ಕೊಡಬಲ್ಲದ್ದು ರೂಢಿಯ ಲೆಕ್ಕದಲ್ಲಿ ಅದರ ಕಾಲುಭಾಗ. 1000 ವ್ಯಾಟಿನ ಬದಲು 2000 ತಂದರೆ ಸಿಗುವುದು 3 ಡೆಸಿಬೆಲ್, ಕಿವಿಗೆ ‘ಒಂಚೂರು ಜಾಸ್ತಿಯಾಯಿತು’ ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು.

ಅದಕ್ಕಿಂತ ದೂರದ ಲೆಕ್ಕ ಕಠಿಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಸೋರಿಹೋಗುತ್ತದೆ. ಕ್ಯೂಎಸ್‌ಸಿಯ ಕೆ12.2 ತೆಗೆದುಕೊಳ್ಳಿ. 12 ಇಂಚಿನ ಕೋನ್, ಸುಮಾರು 18 ಕಿಲೋ ತೂಕ, 1 ಮೀಟರಿನಲ್ಲಿ 132 ಡೆಸಿಬೆಲ್ ಪೀಕ್ ಎಂದು ಕಂಪನಿ ಹೇಳುತ್ತದೆ. 16 ಮೀಟರ್ ಆಚೆ, ಊಟದ ಸಾಲು ಶುರುವಾಗುವಲ್ಲಿ, ಅದರಲ್ಲಿ 24 ಕಳೆದು 108 ಉಳಿಯಿತು. ಹಾಡಿನ ಸರಾಸರಿ ಮಟ್ಟ ಪೀಕಿಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗಿರುತ್ತದೆ, ಹಾಗಾಗಿ ಕಿವಿಗೆ ದಕ್ಕುವುದು 96, 98ರ ಆಸುಪಾಸು. ಅದೂ ಬಾಕ್ಸು ಇನ್ನೂ ತಣ್ಣಗಿದ್ದಾಗ.

ಈ ತಣ್ಣಗಿರುವ ಮಾತನ್ನು ಯಾವ ಕರಪತ್ರವೂ ಆಡುವುದಿಲ್ಲ. ಸ್ಪೀಕರಿಗೆ ಹೋದ ವಿದ್ಯುತ್ತಿನಲ್ಲಿ ಸದ್ದಾಗುವುದು ಅತ್ಯಲ್ಪ, ಉಳಿದದ್ದೆಲ್ಲ ವಾಯ್ಸ್ ಕಾಯಿಲಿನಲ್ಲಿ ಶಾಖವಾಗುತ್ತದೆ. ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು. ಕಾಯಿಲ್ 150 ಡಿಗ್ರಿ ಹೆಚ್ಚು ಕಾದರೆ ರೋಧ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಆಂಪ್ಲಿಫೈಯರ್ ಅಷ್ಟೇ ವೋಲ್ಟೇಜ್ ತಳ್ಳುತ್ತಿದ್ದರೂ ಸದ್ದು ಸುಮಾರು 4 ಡೆಸಿಬೆಲ್‌ವರೆಗೆ ಕುಸಿಯುತ್ತದೆ. ಡಿಜೆ ಅದನ್ನು ತುಂಬಲು ಫೇಡರ್ ಏರಿಸುತ್ತಾನೆ, ಕಾಯಿಲ್ ಇನ್ನಷ್ಟು ಕಾಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಹಗಲು ಹಳದಿ ಶಾಸ್ತ್ರಕ್ಕೆ ಕಪ್ಪು ಬಾಕ್ಸನ್ನು ಬಿಸಿಲಲ್ಲಿ ನಿಲ್ಲಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲೇ ಒಳ್ಳೆಯ ಬಾಕ್ಸೂ ಸಾಧಾರಣ ಬಾಕ್ಸೂ ಬೇರೆಯಾಗುವುದು. ಒಳಗಿನ ಲಿಮಿಟರ್ ಕೆಲಸಕ್ಕೆ ಇಳಿದಾಗ ಸಾಧಾರಣ ಬಾಕ್ಸಿನ ಸದ್ದು ಚಪ್ಪಟೆಯಾಗಿ ಮುದ್ದೆಗಟ್ಟುತ್ತದೆ. ಕಿಕ್ ಬಿದ್ದಾಗಲೆಲ್ಲ ಹಾಡುವವರ ದನಿ ಒಳಗೆ ಹೋಗಿ ಬರುತ್ತದೆ, ಮೇಲಿನ ಸ್ವರಗಳು ತಗಡಿನಂತಾಗುತ್ತವೆ. ಒಳ್ಳೆಯ ಬಾಕ್ಸು ರಾತ್ರಿಯಿಡೀ ಹಾಡಿ ಬೆಳಗಿನ ಜಾವಕ್ಕೆ ಬಂದ ಯಕ್ಷಗಾನದ ಹಳಬ ಭಾಗವತರ ಹಾಗೆ: ಕಸುವು ತುಸು ತಗ್ಗಿರುತ್ತದೆ, ಶ್ರುತಿ ಜಾರಿರುವುದಿಲ್ಲ. 1995ರಲ್ಲಿ ಜೆಬಿಎಲ್ ಇಯಾನ್, ಆ ದಶಕದ ಕೊನೆಗೆ ಮ್ಯಾಕಿಯ ಎಸ್‌ಆರ್‌ಎಂ450 ಬಂದು, ರ‍್ಯಾಕಿನಲ್ಲಿ ಹೊರುವ ಆಂಪ್ಲಿಫೈಯರ್ ಬಾಕ್ಸಿನೊಳಗೆ ಸೇರಿತು. ಹೊರೆ ಇಳಿದದ್ದು ಎಲ್ಲರಿಗೂ ಕಂಡಿತು. ಕೋನಿನ ತಾಳ್ಮೆ ಎಷ್ಟೆಂದು ಬಲ್ಲ ಸರ್ಕ್ಯೂಟ್ ಅದರ ಪಕ್ಕದಲ್ಲೇ ಕಾವಲಿಗೆ ನಿಂತದ್ದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ.

ನಾನು ಕೇಳಿ ನೋಡುವ ಬಗೆ ಹೀಗೆ. ಎರಡು ಬಾಕ್ಸನ್ನು ಪಕ್ಕಪಕ್ಕ ನಿಲ್ಲಿಸಿ ಮೊದಲು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ. ಫೋನಿನ ಡೆಸಿಬೆಲ್ ಆ್ಯಪ್ ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ಈ ಕೆಲಸ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ, ಯಾಕೆಂದರೆ ಒಂದು ಡೆಸಿಬೆಲ್ ಜೋರಾದದ್ದೇ ಕಿವಿಗೆ ಚೆಂದ. ಆಮೇಲೆ ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡು. ಜಿ.ಕೆ. ವೆಂಕಟೇಶ್ ಸಂಗೀತದ ಆ ಹಳೆಯ ಧ್ವನಿಮುದ್ರಣದಲ್ಲಿ ಬೇಸಿನ ಆಡಂಬರವಿಲ್ಲ, ಇರುವುದು ಅಣ್ಣಾವ್ರ ಕಂಠ. ಬಾಕ್ಸಿನ ಮಧ್ಯಸ್ವರ ಸೊಟ್ಟಗಿದ್ದರೆ ಆ ಕಂಠಕ್ಕೆ ನೆಗಡಿಯಾಗುತ್ತದೆ, ಅದನ್ನು ಕನ್ನಡದ ಕಿವಿ ಒಂದೇ ಸಾಲಿನಲ್ಲಿ ಹಿಡಿಯುತ್ತದೆ. ಅದರ ಬೆನ್ನಿಗೆ ‘ಟಗರು’ (2018) ಚಿತ್ರದ ಶೀರ್ಷಿಕೆ ಗೀತೆ. ಚರಣ್ ರಾಜ್ ಕಟ್ಟಿದ ಆ ತಾಳದ ಮೇಲೆ ಆ್ಯಂಟನಿ ದಾಸನ್ ದನಿ ತೇಲಬೇಕು, ತಾಳಕ್ಕೆ ಸಿಕ್ಕಿ ಮುಳುಗಬಾರದು. ಇಷ್ಟಾದ ಮೇಲೆ ಕುಣಿತದ ಮಟ್ಟದಲ್ಲಿ ಒಂದು ಗಂಟೆ ಬಿಡದೆ ಓಡಿಸಿ, ಮತ್ತೆ ಅದೇ ಎರಡು ಹಾಡು, ಅದೇ ಜಾಗದಲ್ಲಿ ನಿಂತು. ಮೊದಲ ಸುತ್ತಿನಲ್ಲಿ ಗೆದ್ದ ಬಾಕ್ಸು ಈ ಎರಡನೆಯ ಸುತ್ತಿನಲ್ಲಿ ಸೋಲುವುದು ಅಪರೂಪವಲ್ಲ.

ಮಿಕ್ಸರಿನಲ್ಲೇ ಕೆಂಪು ದೀಪ ಉರಿಯುತ್ತಿದ್ದರೆ ಹಾಡು ಅಲ್ಲೇ ಹರಿದಿರುತ್ತದೆ, ಅದನ್ನು ಯಾವ ಬಾಕ್ಸೂ ಹೊಲಿಯಲಾರದು. ಪರೀಕ್ಷೆಯ ಹೊತ್ತಿನಲ್ಲಿ ಮಿಕ್ಸರ್ ಹಸಿರು, ಹೆಚ್ಚೆಂದರೆ ಹಳದಿಯಲ್ಲಿರಲಿ.

ಮೈಕಿನ ಪರೀಕ್ಷೆಯನ್ನು ಬಹಳ ಡಿಜೆಗಳು ಮಾಡುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ಮದುವೆಮನೆಯಲ್ಲಿ ಹಾಡಿನಷ್ಟೇ ಮಾತಿಗೂ ಕೆಲಸವಿದೆ. ಹೆಣ್ಣಿನ ಕಡೆಯವರ ಹೆಸರು, ಗಂಡಿನ ಕಡೆಯವರ ಹೆಸರು, ಊಟಕ್ಕೆ ಕರೆ, ಅಜ್ಜಿಯ ಆಶೀರ್ವಾದ. ಯಾವುದಾದರೂ ಲಗ್ನಪತ್ರಿಕೆ ಕೈಗೆ ತೆಗೆದುಕೊಂಡು ಮೈಕಿನಲ್ಲಿ ಓದಿಸಿ, ನೀವು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿ. ‘ಶ್ರೀಮತಿ’, ‘ಚಿರಂಜೀವಿ’, ‘ಸೌಭಾಗ್ಯವತಿ’ ಇವುಗಳಲ್ಲಿ ಶ, ಚ, ಸ ಬಿಡಿಬಿಡಿಯಾಗಿ ಕೇಳಬೇಕು. ಈ ಅಕ್ಷರಗಳ ಕಸುವೆಲ್ಲ 2000 ಹರ್ಟ್ಜ್‌ನಿಂದ ಮೇಲಕ್ಕಿದೆ. 15 ಇಂಚಿನ ದೊಡ್ಡ ಕೋನ್ 1000 ಹರ್ಟ್ಜ್ ದಾಟುವ ಹೊತ್ತಿಗೆ ಸದ್ದನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕಷ್ಟೇ ಬಿಡತೊಡಗುತ್ತದೆ, ಪಕ್ಕದಲ್ಲಿ ಕೂತವರಿಗೆ ಮಾತು ಮಸುಕು. 12 ಇಂಚಿನದ್ದು ಇಲ್ಲಿ ಮೇಲು, 10 ಇಂಚಿನದ್ದು ಇನ್ನೂ ಮೇಲು. ಕೆಳಗೆ ಸಬ್ ಇದ್ದಾಗ ಟಾಪ್ ಬಾಕ್ಸಿಗೆ 15 ಇಂಚು ಬೇಕೆಂಬ ಹಟಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಇನ್ನು ಸಬ್. ಕೆಎಲ್‌ಎಚ್ ಕಂಪನಿಯನ್ನು 1957ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಜೆ. ಆ್ಯಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ಕಬ್ಬಿಣದ ನಿಯಮವಿದೆ. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಶಕ್ತಿಯಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡನ್ನಷ್ಟೇ ಪಡೆಯಬಹುದು. ಈಗಿನ ಆಂಪ್ಲಿಫೈಯರ್‌ಗಳು ಶಕ್ತಿ ಸುರಿದು ಮೂರನೆಯದನ್ನೂ ಕೊಟ್ಟಂತೆ ತೋರಿಸುತ್ತವೆ, ಆದರೆ ಕಾಯಿಲ್ ಕಾದಾಗ ನಿಯಮ ಬಂದು ಸಾಲ ವಸೂಲಿ ಮಾಡುತ್ತದೆ. ಚಿಕ್ಕ 12 ಇಂಚಿನ ಸಬ್ ಹಾಲ್‌ನೊಳಗೆ ಹುಟ್ಟುಹಬ್ಬಕ್ಕೆ ಸಾಕು. ಬಯಲಿಗೆ 18 ಇಂಚು ಬೇಕು, ಅದು 40 ಕಿಲೋ ದಾಟುವುದೇ ಹೆಚ್ಚು, ಹೊರಲು ಇಬ್ಬರು ಬೇಕು. ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಛತ್ರಗಳನ್ನು ನೆನೆದುಕೊಂಡೇ ಖರೀದಿ ಮಾಡಿ.

ಕರಪತ್ರದಲ್ಲಿ ‘35 ಹರ್ಟ್ಜ್‌ವರೆಗೆ’ ಎಂದಿದ್ದರೆ ಅದು ಮೈನಸ್ 3 ಡೆಸಿಬೆಲ್ಲಿನ ಮಾತೋ ಮೈನಸ್ 10ರದ್ದೋ ಎಂದು ಕೇಳಿ. ಮೈನಸ್ 10 ಅಂದರೆ ಕಿವಿಗೆ ಅರ್ಧಕ್ಕಿಂತ ಕಡಿಮೆ, ಇದ್ದೂ ಇಲ್ಲದಂತೆ. ಆಮೇಲೆ ಫೋನಿನಿಂದ ಶುದ್ಧ ಸ್ವರವೊಂದನ್ನು 100 ಹರ್ಟ್ಜ್‌ನಿಂದ 35ರವರೆಗೆ ನಿಧಾನಕ್ಕೆ ಇಳಿಸುತ್ತ ಹೋಗಿ. ಜಾಲರಿ ಎಲ್ಲಿ ಗಿಜಿಗುಟ್ಟಿತು, ಹಿಡಿಕೆ ಎಲ್ಲಿ ಅದುರಿತು, ಪೋರ್ಟಿನ ಬಾಯಿಂದ ಗಾಳಿ ಎಲ್ಲಿ ಬುಸುಗುಟ್ಟಿತು ಎಲ್ಲ ಬಯಲಾಗುತ್ತದೆ. ಹಾಡು ಇವನ್ನೆಲ್ಲ ಮುಚ್ಚಿಬಿಡುತ್ತದೆ.

ಸಬ್ಬಿನ ವಿಷಯದಲ್ಲಿ ಬಾಕ್ಸಿಗಿಂತ ಜಾಗ ದೊಡ್ಡದು. 60 ಹರ್ಟ್ಜ್‌ನ ಅಲೆಯ ಉದ್ದ 5.7 ಮೀಟರ್. ಎಡಕ್ಕೊಂದು ಬಲಕ್ಕೊಂದು ಸಬ್ ಇಟ್ಟಾಗ, ಅವೆರಡರ ದೂರದಲ್ಲಿ ಅರ್ಧ ಅಲೆಯಷ್ಟು, ಅಂದರೆ 2.85 ಮೀಟರ್ ವ್ಯತ್ಯಾಸವಿರುವ ಕಡೆ ನಿಂತವರಿಗೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ನಟ್ಟನಡುವೆ ಕುಣಿಯುವವರಿಗೆ ಬೇಸ್ ಬಡಿಯುತ್ತದೆ, ಎರಡು ಹೆಜ್ಜೆ ಬದಿಗೆ ಸರಿದರೆ ಕಾಣೆ. ಎರಡನ್ನೂ ಜೋಡಿಸಿ ಒಂದೇ ಕಡೆ ನೆಲಕ್ಕಿಟ್ಟರೆ ಒಂದಕ್ಕಿಂತ 6 ಡೆಸಿಬೆಲ್ ಹೆಚ್ಚು ಬರುತ್ತದೆ, ಅಳಿಸುವ ಕಾಟವೂ ತಪ್ಪುತ್ತದೆ. ಫೋಟೋದಲ್ಲಿ ಎಡಬಲ ಸಮವಾಗಿ ಕಾಣಲಿ ಎಂದು ಮದುವೆಮನೆಯವರು ಕೇಳುತ್ತಾರೆ. ಟಾಪ್‌ಗಳನ್ನು ಎಡಬಲ ನಿಲ್ಲಿಸಿ, ಸಬ್ಬನ್ನು ಬಿಟ್ಟುಕೊಡಬೇಡಿ.

ಟಾಪ್ ಮತ್ತು ಸಬ್ ಜೊತೆಗೂಡಿವೆಯೇ ಎಂದು ತಿಳಿಯಲು ಸರಳ ಉಪಾಯವಿದೆ. ಎರಡೂ ಸೇರುವ ಗೆರೆ 100 ಹರ್ಟ್ಜ್ ಆಗಿದ್ದರೆ ಅದೇ ಸ್ವರವನ್ನು ಬಿಟ್ಟು, ಕುಣಿತದ ಜಾಗದಲ್ಲಿ ಒಬ್ಬರು ನಿಂತು, ಇನ್ನೊಬ್ಬರು ಸಬ್ಬಿನ ಹಿಂದಿನ ಪೊಲಾರಿಟಿ ಗುಂಡಿ ಒತ್ತಲಿ. ಯಾವ ಸ್ಥಿತಿಯಲ್ಲಿ ಸದ್ದು ತುಂಬಿಬಂತೋ ಅದೇ ಸರಿ. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ಬೇಸ್ ಸಾಲದೆಂದು ಇನ್ನೊಂದು ಸಬ್ ಬಾಡಿಗೆಗೆ ತರುವವರಿದ್ದಾರೆ.

ಬ್ಯಾಟರಿ ಬಾಕ್ಸುಗಳ ಬಗ್ಗೆ ಒಂದು ಮಾತು. ಬೋಸ್ ಎಸ್1 ಪ್ರೊ ಥರದವು ಏಳೆಂಟು ಕಿಲೋ ತೂಗುತ್ತವೆ, ತೋಟದ ಮೆಹಂದಿಗೂ ಮಂಟಪದ ಮಾತಿಗೂ ಒದಗುತ್ತವೆ. ಕುಣಿತದ ಭಾರ ಅವುಗಳ ಮೇಲೆ ಹೊರಿಸಬೇಡಿ.

ಕರೆಂಟು: ನಮ್ಮಲ್ಲಿ 230 ವೋಲ್ಟ್ ಎಂಬುದು ಕಾಗದದ ಮೇಲೆ. ಊರ ಹೊರಗೆ ವೋಲ್ಟೇಜ್ ಇಳಿದಾಗಲೂ ಬಾಕ್ಸು ನಡೆಯುತ್ತದೆಯೇ ಎಂದು ಹಿಂಬದಿಯ ಚೀಟಿಯಲ್ಲಿ ಓದಿ, 100ರಿಂದ 240 ಎಂದಿದ್ದರೆ ನೆಮ್ಮದಿ. ಗುಂಯ್ ಸದ್ದು ಬಂತೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯುವ ಕೆಟ್ಟ ಚಾಳಿ ಇನ್ನೂ ಹೋಗಿಲ್ಲ. ಮೈಕ್ ಹಿಡಿದವರ ಜೀವದ ಪ್ರಶ್ನೆ ಅದು. ಸದ್ದು ಹೋಗಬೇಕಾದರೆ ಎಲ್ಲವನ್ನೂ ಒಂದೇ ಮೂಲದಿಂದ ಎಳೆಯಿರಿ, ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಲ್ಯಾಪ್‌ಟಾಪಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೊಡಿ.

ಪಕ್ಕದ ಮನೆಯವರ ಕಿವಿಯೂ ಪರೀಕ್ಷೆಯ ಭಾಗವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45, ರಾತ್ರಿ ಶುರುವಾಗುವುದು ಹತ್ತು ಗಂಟೆಗೆ. ಇಲ್ಲಿ ಬೇಸಿನ ಒಂದು ಮರ್ಮವಿದೆ. ಈ ಅಳತೆಯ ಮಾಪಕ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು, 50 ಹರ್ಟ್ಜ್‌ನ ಸದ್ದಿಗೆ ಅದು 30 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ. ಮಾಪಕ ಸುಮ್ಮನಿದ್ದರೂ ಗೋಡೆಯಾಚೆಯ ಮಗು ಎದ್ದು ಕೂತಿರುತ್ತದೆ, ಕಿಟಕಿಯ ಗಾಜು ಗಲಗಲ ಅನ್ನುತ್ತಿರುತ್ತದೆ. ಅದಕ್ಕೇ ಕಾರ್ಡಿಯಾಯ್ಡ್ ಜೋಡಣೆ ಮಾಡಬಲ್ಲ ಸಬ್‌ಗಳ ಬಗ್ಗೆ ನನಗೆ ವಿಶೇಷ ಗೌರವ. ಒಂದರ ಮುಖ ಮುಂದಕ್ಕೆ, ಇನ್ನೊಂದರದ್ದು ಹಿಂದಕ್ಕೆ, ಹಿಂದಿನದಕ್ಕೆ ಲೆಕ್ಕದ ತಡ ಮತ್ತು ತಿರುಗು ಪೊಲಾರಿಟಿ. ಹಿಂಬದಿಗೆ ಹೋಗುವ ಬೇಸ್ ಬಹಳಷ್ಟು ಅಡಗುತ್ತದೆ. ಕ್ಯೂಎಸ್‌ಸಿಯ ಕೆಎಸ್212ಸಿಯಲ್ಲಿ ಇದು ಒಂದೇ ಪೆಟ್ಟಿಗೆಯೊಳಗೆ ಸಿಗುತ್ತದೆ. ಇನ್ನೊಂದು ಸಾವಿರ ವ್ಯಾಟಿಗೆ ಸುರಿಯುವ ಹಣವನ್ನು ನಾನು ಇದಕ್ಕೆ ಸುರಿಯುತ್ತೇನೆ. ಕುಣಿಯುವವರ ಕಿವಿಗೂ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ಹೇಳಿದೆ. ಆ ಮಟ್ಟದಲ್ಲಿ ಸ್ವಚ್ಛವಾಗಿ ಹಾಡುವ ಬಾಕ್ಸಿಗೆ ಅದಕ್ಕಿಂತ ಜೋರಾಗುವ ಅಗತ್ಯವೂ ಬೀಳುವುದಿಲ್ಲ.

ಹೊಸದಾಗಿ ಶುರು ಮಾಡುವವರು ಮೊದಲು ಒಂದು ಜೊತೆ 12 ಇಂಚಿನ ಒಳ್ಳೆಯ ಟಾಪ್ ಕೊಳ್ಳಲಿ, ಬಲವಾದ ಸ್ಟ್ಯಾಂಡಿನ ಮೇಲೆ ಹಾರ್ನು ಜನರ ತಲೆಗಿಂತ ಮೇಲಿರುವಂತೆ ಏರಿಸಲಿ. ಸಬ್ಬನ್ನು ಒಂದು ಮದುವೆಯ ಋತುವಿಡೀ ಬಾಡಿಗೆಗೆ ತಂದು, ಬೇರೆ ಬೇರೆ ಅಳತೆಯವನ್ನು ಬೇರೆ ಬೇರೆ ಛತ್ರದಲ್ಲಿ ಕೇಳಿ, ತಮ್ಮ ಗಾಡಿಗೂ ತಮ್ಮ ಬೆನ್ನಿಗೂ ಹೊಂದುವುದನ್ನು ಆಮೇಲೆ ಕೊಳ್ಳಲಿ.